ಮೇಣದಬತ್ತಿ, ಖಣದ ಚೀಲ ಮಾರಿ ಮಾನಸಿಕ ಆರೋಗ್ಯ ಸಂಸ್ಥೆಗೆ ನೆರವು: ಲೆಕ್ಕ, ಲೇಬಲ್, ಒಪ್ಪಂದ ಹೇಗೆ?

ಸಾಧನಕೇರಿ ಕೇಳಿದ್ದು:

ಧಾರವಾಡದಲ್ಲಿ ಇಬ್ಬರು ಸೇರಿ ಸಣ್ಣದೊಂದು ಲೈಫ್‌ಸ್ಟೈಲ್ ಬ್ರ್ಯಾಂಡ್ ಶುರು ಮಾಡುವ ತಯಾರಿಯಲ್ಲಿದ್ದೇವೆ. ಸದ್ಯಕ್ಕೆ ಮೂರೇ ವಸ್ತು: ಗಾಜಿನ ಡಬ್ಬಿಯಲ್ಲಿ ಸೋಯಾ ಮೇಣದ ಸುವಾಸನೆಯ ಮೇಣದಬತ್ತಿ, ಗುಳೇದಗುಡ್ಡದ ಖಣದ ಚಿಕ್ಕ ಚೀಲ, ಪುಟಕ್ಕೊಂದು ಕನ್ನಡ ಸಾಲಿರುವ ನೋಟ್‌ಬುಕ್. ಬಂಡವಾಳ ₹1.5 ಲಕ್ಷ. ಇನ್‌ಸ್ಟಾಗ್ರಾಂ ಮತ್ತು ಸ್ವಂತ ವೆಬ್‌ಸೈಟಿನಲ್ಲಿ ಮಾರಾಟ, ಹೊರ ರಾಜ್ಯಕ್ಕೂ ಕಳಿಸುವ ಆಸೆ. ಲಾಭದಲ್ಲಿ ಶೇ. 10ನ್ನು ಮಾನಸಿಕ ಆರೋಗ್ಯಕ್ಕೆ ಕೆಲಸ ಮಾಡುವ ಸಂಸ್ಥೆಗೆ ಕೊಡಬೇಕು ಎಂದುಕೊಂಡಿದ್ದೇವೆ. ಹೆಸರು ‘ಮನಶ್ಶಾಂತಿ’ ಎಂದು ಇಡುವ ಯೋಚನೆ.

ಕೇಳಬೇಕಾದದ್ದು: ಶೇ. 10 ಸರಿಯಾದ ಲೆಕ್ಕವೇ? ಮೇಣದಬತ್ತಿ ₹499ಕ್ಕೆ ಮಾರಿದರೆ ಗಿಟ್ಟುತ್ತದೆಯೇ? ಜಿಎಸ್‌ಟಿ ಬೇಕೇ? ಗ್ರಾಹಕರಿಗೆ 80ಜಿ ರಸೀದಿ (ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವಂಥದ್ದು) ಕೊಡಬಹುದೇ? ಸಂಸ್ಥೆಯನ್ನು ಹೇಗೆ ಆರಿಸುವುದು? ‘ಒಳ್ಳೆಯದಾಗಲಿ’ ಎಂದು ಹಾರೈಸುವವರು ಬೇಕಾದಷ್ಟು ಸಿಕ್ಕಿದ್ದಾರೆ. ತಪ್ಪು ಎಲ್ಲಾಗುತ್ತದೆ ಎಂದು ಹೇಳುವವರು ಬೇಕು.

---

ಕಿರ್ದಿಖಾತೆ ಉತ್ತರ:

ಮೊದಲು ‘ಲಾಭದಲ್ಲಿ ಶೇ. 10’ ಎನ್ನುವುದನ್ನು ಕೈಬಿಡಿ. ಸಣ್ಣ ಬ್ರ್ಯಾಂಡಿಗೆ ಮೊದಲ ವರ್ಷ ಲಾಭವೇ ಇರುವುದಿಲ್ಲ. ಸೊನ್ನೆಯಲ್ಲಿ ಶೇ. 10 ಸೊನ್ನೆಯೇ. ಗ್ರಾಹಕ ಮಾತ್ರ ₹499ರಲ್ಲಿ ₹50 ಹೋಯಿತು ಎಂದುಕೊಂಡಿರುತ್ತಾನೆ. ಆ ಎರಡರ ನಡುವಿನ ಅಂತರವೇ ಮುಂದೆ ಜಗಳಕ್ಕೆ ಮೂಲ.

ನಿಮ್ಮ ಮೇಣದಬತ್ತಿಯನ್ನೇ ಬಿಡಿಸಿ ನೋಡೋಣ. ₹499 ಎಂಆರ್‌ಪಿ ಎಂದರೆ ತೆರಿಗೆ ಸೇರಿ. ಮೇಣದಬತ್ತಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5 (ಮೊದಲು 12 ಇತ್ತು). ತೆರಿಗೆ ಕಳೆದರೆ ನಿಮ್ಮದು ₹475. ಖರ್ಚನ್ನು ಸುಮಾರಾಗಿ ಹೀಗಿಟ್ಟುಕೊಳ್ಳಿ: ಮೇಣ ₹60, ಸುವಾಸನೆ ಎಣ್ಣೆ ₹30, ಮುಚ್ಚಳ ಸಮೇತ ಗಾಜಿನ ಡಬ್ಬಿ ₹55, ಬತ್ತಿ ಮತ್ತು ಲೇಬಲ್ ₹16, ರಟ್ಟಿನ ಪೆಟ್ಟಿಗೆ ಮತ್ತು ಒಳಗಿನ ಮೆತ್ತೆ ₹30, ಕೂಲಿ ₹40. ಒಟ್ಟು ₹231. ನಿಮ್ಮದೇ ದುಡಿಮೆ ಎಂದು ಕೂಲಿಯ ₹40 ಬಿಟ್ಟು ಲೆಕ್ಕ ಹಾಕಬೇಡಿ. ನೂರೈವತ್ತನೇ ಡಬ್ಬಿಗೆ ಇನ್ನೊಬ್ಬರನ್ನು ಕರೆಯಲೇಬೇಕಾಗುತ್ತದೆ. ಪೇಮೆಂಟ್ ಗೇಟ್‌ವೇ ಶೇ. 2 ಹಾಗೂ ಅದರ ಮೇಲೆ ಜಿಎಸ್‌ಟಿ ಸೇರಿ ₹12. ಒಡೆದದ್ದು, ವಾಪಸಾದದ್ದಕ್ಕೆ ₹12 ತೆಗೆದಿಡಿ. ಉಳಿದದ್ದು ₹220. ಕೊರಿಯರ್ ₹70 ಹೋದರೆ ₹150. ಒಬ್ಬ ಗ್ರಾಹಕನನ್ನು ತರಲು ಜಾಹೀರಾತಿಗೆ ₹75 ಹಿಡಿದರೆ ಕೈಯಲ್ಲಿ ₹75.

ಇದರಲ್ಲೇ ವೆಬ್‌ಸೈಟ್ ಬಾಡಿಗೆ, ಲೆಕ್ಕಿಗರ ಫೀಸು, ಸ್ಯಾಂಪಲ್ ಎಲ್ಲ ನಡೆಯಬೇಕು. ತಿಂಗಳಿಗೆ ಅದು ₹8,000 ಆಗಿ, ಮಾರಾಟ 100 ಡಬ್ಬಿ ಇದ್ದರೆ ಡಬ್ಬಿಗೆ ₹80 ಬಿತ್ತು. ಅಂದರೆ ₹5 ನಷ್ಟ. ಎಂಆರ್‌ಪಿಯ ಶೇ. 10 ಎಂದರೆ ₹50, ಅದು ಈ ಲೆಕ್ಕದಲ್ಲಿ ಕೂರುವುದೇ ಇಲ್ಲ. ಡಬ್ಬಿಗೆ ₹20 ಅಥವಾ ₹25 ಎಂದು ರೂಪಾಯಿಯಲ್ಲಿ ಗೊತ್ತು ಮಾಡಿ, ಅದನ್ನು ಮೇಣ, ಬತ್ತಿಯ ಹಾಗೆ ತಯಾರಿಕೆಯ ಖರ್ಚಿನಲ್ಲೇ ಬರೆಯಿರಿ. ಎಲ್ಲ ಮುಗಿದ ಮೇಲೆ ಉಳಿದರೆ ಕೊಡುವುದು ಎಂದರೆ ಉಳಿಯುವುದಿಲ್ಲ.

ಗಿಟ್ಟಿಸುವ ದಾರಿ ಎರಡರ ಜೋಡಿ ಮಾರುವುದು. ಎರಡು ಡಬ್ಬಿಗೆ 220ರಂತೆ ₹440, ಕೊರಿಯರ್ ಒಂದೇ ಪೆಟ್ಟಿಗೆಯಲ್ಲಿ ₹95 ಆಗಬಹುದು, ಜಾಹೀರಾತು ಒಮ್ಮೆ ಮಾತ್ರ ₹75. ಉಳಿಯುವುದು ₹270, ಡಬ್ಬಿಗೆ ₹135. ಅದರಲ್ಲಿ ₹25 ಕೊಟ್ಟರೂ ಉಸಿರಾಡಬಹುದು. ಹಾಗಾಗಿ ‘ಉಚಿತ ಡೆಲಿವರಿ’ಯನ್ನು ₹900ರ ಮೇಲಿನ ಆರ್ಡರಿಗೆ ಮಾತ್ರ ಇಡಿ. ಇನ್ನೊಂದು, ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. 12×12×13ರ ಪೆಟ್ಟಿಗೆ 374 ಗ್ರಾಂ ಲೆಕ್ಕಕ್ಕೆ ಬರುತ್ತದೆ. ಅದೇ ಚಂದಕ್ಕೆಂದು 16×16×16ರದ್ದು ತಂದರೆ 819 ಗ್ರಾಂ. 500ರ ಮಿತಿ ದಾಟಿ ದರ ಮೇಲಿನ ಮೆಟ್ಟಿಲಿಗೆ ಹೋಯಿತು. ಕ್ಯಾಶ್ ಆನ್ ಡೆಲಿವರಿ ಮೊದಲ ಆರು ತಿಂಗಳು ಇಡಲೇಬೇಡಿ. ವಾಪಸ್ ಬಂದ ಡಬ್ಬಿಯ ಎರಡೂ ಕಡೆಯ ಕೊರಿಯರ್ ನಿಮ್ಮ ತಲೆಗೇ.

ಜಿಎಸ್‌ಟಿ: ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ ₹40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಹೊರ ರಾಜ್ಯಕ್ಕೆ ಒಂದು ಡಬ್ಬಿ ಕಳಿಸಿದರೂ ಸಾಮಾನ್ಯವಾಗಿ ಕಡ್ಡಾಯ. ಕೈಯಿಂದ ಮಾಡಿದ ಮೇಣದಬತ್ತಿ ಕರಕುಶಲ ವಸ್ತುಗಳ ಪಟ್ಟಿಯಲ್ಲಿರುವುದರಿಂದ ₹20 ಲಕ್ಷದವರೆಗೆ ವಿನಾಯಿತಿ ಇದೆ ನಿಜ. ಆದರೆ ಆ ವಿನಾಯಿತಿಯಲ್ಲಿ ಹೋದರೆ ಮೌಲ್ಯ ಎಷ್ಟೇ ಇರಲಿ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಪತ್ರ) ಮಾಡಬೇಕು, ₹499ರ ಒಂದು ಡಬ್ಬಿಗೂ. ಅದಕ್ಕಿಂತ ನೋಂದಣಿಯೇ ವಾಸಿ. ಸರಕಾರಿ ಶುಲ್ಕ ಇಲ್ಲ, ಮನೆಯ ವಿಳಾಸಕ್ಕೆ ವಿದ್ಯುತ್ ಬಿಲ್ ಮತ್ತು ಮನೆಯೊಡೆಯರ ಒಪ್ಪಿಗೆ ಪತ್ರ ಸಾಕು. ಕಾಂಪೊಸಿಷನ್ ಯೋಜನೆಗೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ) ಮಾತ್ರ ಹೋಗಬೇಡಿ, ಅದರಲ್ಲಿ ಹೊರ ರಾಜ್ಯಕ್ಕೆ ಮಾರುವಂತಿಲ್ಲ. ಮಾರಾಟ ಇಲ್ಲದ ತಿಂಗಳೂ ರಿಟರ್ನ್ ಹಾಕಬೇಕು. ಮರೆತರೆ ಜಿಎಸ್‌ಟಿಆರ್-3ಬಿ ಎಂಬ ಸಾರಾಂಶ ರಿಟರ್ನಿಗೆ, ಮಾರಾಟ ಶೂನ್ಯವಿದ್ದರೂ, ದಿನಕ್ಕೆ ₹20 ದಂಡ. ಹೆಚ್ಚಿನ ಹೊಸಬರು ಮೊದಲು ಎಡವುವುದು ಇಲ್ಲೇ.

ದೇಣಿಗೆಯ ₹25 ಮೇಲೆ ಜಿಎಸ್‌ಟಿ ಉಳಿತಾಯವಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಗ್ರಾಹಕ ಕೊಟ್ಟದ್ದು ಡಬ್ಬಿಯ ಬೆಲೆ, ತೆರಿಗೆ ಪೂರ್ತಿ ಬೆಲೆಗೆ.

80ಜಿ: ಗ್ರಾಹಕರಿಗೆ ಸಿಗುವುದಿಲ್ಲ. ಅವರು ಮಾಡಿದ್ದು ಖರೀದಿ, ದೇಣಿಗೆ ಕೊಡುವವರು ನೀವು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಎಲ್ಲರ ಬಾಯಲ್ಲಿ ಇನ್ನೂ 80ಜಿ ಎಂದೇ ಇದೆ. ಇಬ್ಬರೂ ಪಾಲುದಾರಿಕೆ ಸಂಸ್ಥೆ ಮಾಡಿಕೊಂಡರೆ ಸಂಸ್ಥೆಯ ಹೆಸರಲ್ಲಿ ಕೊಟ್ಟ ದೇಣಿಗೆಯ ಅರ್ಧದಷ್ಟು ಆದಾಯದಿಂದ ಕಳೆಯಬಹುದು, ಆದರೆ ಒಟ್ಟು ಆದಾಯದ ಶೇ. 10ರ ಮಿತಿಯೊಳಗೆ. ಆದಾಯ ₹1 ಲಕ್ಷ ಇದ್ದು ನೀವು ₹30,000 ಕೊಟ್ಟಿರಿ ಎನ್ನಿ: ಲೆಕ್ಕಕ್ಕೆ ಬರುವುದು ₹10,000, ಕಳೆಯುವುದು ₹5,000, ಉಳಿತಾಯವಾಗುವ ತೆರಿಗೆ ₹1,500 ಚಿಲ್ಲರೆ. ಒಬ್ಬರ ಹೆಸರಲ್ಲೇ ನಡೆಸಿ ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಅದೂ ಇಲ್ಲ. ನಗದಾಗಿ ₹2,000ಕ್ಕಿಂತ ಹೆಚ್ಚು ಕೊಟ್ಟದ್ದಕ್ಕೂ ಇಲ್ಲ. ಹಾಗಾಗಿ ತೆರಿಗೆ ಉಳಿತಾಯವನ್ನು ನಂಬಿ ಯೋಜನೆ ಹಾಕಬೇಡಿ.

ಪಾಲುದಾರಿಕೆ ಪತ್ರದಲ್ಲಿ ಒಂದು ಸಾಲು ಮರೆಯದೆ ಬರೆಸಿ: ದೇಣಿಗೆಯನ್ನು ಲಾಭ ಹಂಚಿಕೆಗೂ ಮುಂಚೆ ತೆಗೆದಿಡತಕ್ಕದ್ದು. ಇಬ್ಬರಲ್ಲಿ ಒಬ್ಬರಿಗೆ ದುಡ್ಡಿನ ಮುಗ್ಗಟ್ಟು ಬಂದ ದಿನ ಆ ಸಾಲಿನ ಬೆಲೆ ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ವ್ಯವಹಾರದ ಖಾತೆಯ ಜೊತೆಗೆ ಇನ್ನೊಂದು ಖಾತೆ ತೆಗೆದು, ಪ್ರತಿ ಸೋಮವಾರ ಹಿಂದಿನ ವಾರದ ಡಬ್ಬಿಗಳ ಲೆಕ್ಕಕ್ಕೆ 25ರಂತೆ ವರ್ಗಾಯಿಸಿ. ಯಾವ ಡಬ್ಬಿಗಳು? ತಲುಪಿದ್ದು, ವಾಪಸಾತಿ ಅವಧಿ ಮುಗಿದದ್ದು ಮಾತ್ರ. ಆರ್ಡರ್ ಬಂದ ದಿನವೇ ಎಣಿಸಿದರೆ ರಿಫಂಡ್ ಆದಾಗ ಲೆಕ್ಕ ಹದಗೆಡುತ್ತದೆ.

---

ನಡುದಾರಿ ಉತ್ತರ:

ಕಿರ್ದಿಖಾತೆಯವರ ಲೆಕ್ಕಕ್ಕೆ ತಕರಾರಿಲ್ಲ. ಸಂಸ್ಥೆಯ ಕಡೆಯಿಂದ ಒಂದು ಮಾತು ಸೇರಿಸಬೇಕು. ಡಬ್ಬಿಗೆ ₹25 ಎಂದರೆ ಈ ತಿಂಗಳು ₹2,500, ಮುಂದಿನ ತಿಂಗಳು ₹400. ಸಣ್ಣ ಸಂಸ್ಥೆಗೆ ಇದರಿಂದ ಏನೂ ಯೋಜಿಸಲಾಗದು. ‘ಡಬ್ಬಿಗೆ ₹25, ಮೂರು ತಿಂಗಳಿಗೆ ಕನಿಷ್ಠ ₹3,000’ ಎಂದು ಒಪ್ಪಿಕೊಂಡರೆ ಅವರಿಗೆ ನಿಜವಾದ ಉಪಯೋಗ. ಕನಿಷ್ಠ ಮೊತ್ತವನ್ನು ಸಾಧ್ಯವಾದಷ್ಟು ಕೆಳಗಿಟ್ಟು, ತಪ್ಪದೆ ಕೊಡಿ.

ಆರಿಸುವಾಗ ಮೊದಲು ಕಾಗದ ನೋಡಿ: ಆದಾಯ ತೆರಿಗೆ ಇಲಾಖೆಯ 12ಎಬಿ ನೋಂದಣಿ ಮತ್ತು 80ಜಿ ಆದೇಶ (ಎರಡಕ್ಕೂ ಅವಧಿ ಇರುತ್ತದೆ, ಮುಗಿದಿರಬಾರದು), ದರ್ಪಣ್ ಪೋರ್ಟಲಿನ (ಸ್ವಯಂಸೇವಾ ಸಂಸ್ಥೆಗಳ ಸರಕಾರಿ ನೋಂದಣಿ ತಾಣ) ಸಂಖ್ಯೆ, ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ. ಜನರನ್ನು ಒಳಗಿರಿಸಿಕೊಂಡು ಆರೈಕೆ ಮಾಡುವ ಕೇಂದ್ರವಾದರೆ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯಡಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಇದನ್ನು ಕೇಳಲು ಸಂಕೋಚ ಬೇಡ. ಒಳ್ಳೆಯ ಸಂಸ್ಥೆ ಕೇಳಿದ ದಿನವೇ ಪಿಡಿಎಫ್ ಕಳಿಸುತ್ತದೆ.

ಆಮೇಲೆ ಕೆಲಸ ನೋಡಿ. ‘ಜಾಗೃತಿ’ ಎನ್ನುವ ಪದದ ಕೆಳಗೆ ಏನೇನೋ ನಡೆಯುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಪೋಸ್ಟರ್ ಕಮ್ಮಿಯಾಗಿ ಹೀಗಾದದ್ದಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು, ತಿಂಗಳು ತಿಂಗಳು ತಪ್ಪದ ಮಾತ್ರೆ, ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತೆ ಇಲ್ಲದೆ ಆದದ್ದು. ನಿಮ್ಮಂಥವರ ₹3,000 ಇಂಥ ಕಡೆಯಲ್ಲೇ ದೊಡ್ಡದಾಗಿ ಕಾಣುವುದು. ದೀಪಿಕಾ ಪಡುಕೋಣೆ 2015ರಲ್ಲಿ ಶುರು ಮಾಡಿದ ಲಿವ್ ಲವ್ ಲಾಫ್ ಫೌಂಡೇಶನ್ನಿನ ಗ್ರಾಮೀಣ ಕೆಲಸ ಆರಂಭವಾದದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ. ಬೆಂಗಳೂರಿನ ಮೆಡಿಕೊ ಪ್ಯಾಸ್ಟೊರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸೊಸೈಟಿಯಂಥವು ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಗಳನ್ನು ನಡೆಸುತ್ತ ಬಂದಿವೆ. ನಿಮ್ಮೂರಿನ ಡಿಮ್ಹಾನ್ಸ್ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಅಲ್ಲಿ ದೇಣಿಗೆಯ ದಾರಿ ಬೇರೆ. ಆದರೆ ಅಲ್ಲಿನ ಸಮಾಜಕಾರ್ಯ ವಿಭಾಗದವರನ್ನು ಕೇಳಿದರೆ ಸುತ್ತಲಿನ ಜಿಲ್ಲೆಗಳಲ್ಲಿ ಯಾರು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ.

ಒಪ್ಪಂದ ಒಂದೇ ಪುಟ ಸಾಕು, ಆದರೆ ಬಾಯಿಮಾತು ಬೇಡ. ಯಾವ ವಸ್ತುವಿಗೆ ಎಷ್ಟು ರೂಪಾಯಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ತ್ರೈಮಾಸಿಕ ಮುಗಿದು ಎಷ್ಟು ದಿನದೊಳಗೆ ವರ್ಗಾವಣೆ (15 ದಿನ ಇಡಿ), ಅವರ ಹೆಸರು ಮತ್ತು ಲೋಗೋ ಇರುವ ಪ್ರತಿ ವಿನ್ಯಾಸವನ್ನು ಮುದ್ರಣಕ್ಕೆ ಮುಂಚೆ ಯಾರು ನೋಡಿ ಒಪ್ಪಬೇಕು. ಎಲ್ಲರೂ ಮರೆಯುವ ಸಾಲು ಇನ್ನೊಂದಿದೆ: ಒಪ್ಪಂದ ಮುಗಿದಾಗ ಅವರ ಹೆಸರು ಮುದ್ರಿಸಿದ ಮಾಲು ಉಳಿದಿದ್ದರೆ ಏನು ಮಾಡುವುದು? 90 ದಿನದೊಳಗೆ ಮಾರಿ, ಅದಕ್ಕೂ ದೇಣಿಗೆ ಸಲ್ಲಿಸುವುದು ಎಂದು ಬರೆಯಿರಿ. ಬರೆಯದಿದ್ದರೆ ಇನ್ನೂರು ಪೆಟ್ಟಿಗೆಗಳ ಮೇಲೆ ಕಪ್ಪು ಸ್ಟಿಕ್ಕರ್ ಅಂಟಿಸುತ್ತ ಕೂರಬೇಕಾಗುತ್ತದೆ. ಲೋಗೋ ಬಳಕೆಗೆಂದೇ ಹಣ ಕೊಟ್ಟಂತೆ ಬರೆದರೆ ಅದು ದೇಣಿಗೆಯಾಗದೆ ಸೇವೆಯ ಶುಲ್ಕವಾಗಿ ಅವರಿಗೆ ಜಿಎಸ್‌ಟಿ ಪ್ರಶ್ನೆ ಬರಬಹುದು, ಅವರ ಆಡಿಟರ್ ಒಮ್ಮೆ ಓದಲಿ.

ವೆಬ್‌ಸೈಟಿನಲ್ಲಿ ‘₹20 ಸೇರಿಸಿ ದೇಣಿಗೆ ಕೊಡಿ’ ಎಂಬ ಗುಂಡಿ ಇಡಬೇಡಿ. ಅದು ಇನ್ನೊಬ್ಬರ ಹಣ ನಿಮ್ಮ ಖಾತೆಯಲ್ಲಿ ಕೂತಂತೆ. ನೇರ ಸಂಸ್ಥೆಯ ಪುಟಕ್ಕೆ ಕೊಂಡಿ ಕೊಡಿ. ಕೊಟ್ಟವರು ತಮ್ಮ ಪ್ಯಾನ್ ಹಾಕಿ ಪ್ರಮಾಣಪತ್ರವನ್ನು ತಮ್ಮ ಹೆಸರಲ್ಲೇ ಪಡೆಯುತ್ತಾರೆ.

ಫೋಟೊ ವಿಷಯ ಗಂಭೀರ. 2017ರ ಕಾಯ್ದೆಯ 24ನೇ ಕಲಮಿನಂತೆ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆಯಲ್ಲಿರುವವರ ಚಿತ್ರವನ್ನಾಗಲಿ, ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಚೆಕ್ ಕೊಡಲು ಹೋದಾಗ ತೆಗೆದ ಗುಂಪು ಫೋಟೊವನ್ನು ರೀಲ್ ಮಾಡಿ ಹಾಕುವುದೇ ಬೇಡ. ಒಪ್ಪಿಗೆ ಇದ್ದರೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇವತ್ತು ಒಪ್ಪಿದವರು ಎರಡು ವರ್ಷದ ನಂತರ ಹೆಣ್ಣು ನೋಡಲು ಹೋದಾಗ, ಕೆಲಸಕ್ಕೆ ಅರ್ಜಿ ಹಾಕಿದಾಗ ಆ ವಿಡಿಯೊ ಅಲ್ಲೇ ಇರುತ್ತದೆ.

ಕೊನೆಯದು, ಬಹಳ ಜನ ಎಣಿಸಿರದ ಸಂಗತಿ. ಪುಟದ ಮೇಲೆ ‘ಮಾನಸಿಕ ಆರೋಗ್ಯ’ ಎಂದು ಬರೆದ ದಿನದಿಂದ ನಿಮ್ಮ ಇನ್‌ಬಾಕ್ಸಿಗೆ ಆರ್ಡರ್ ಜೊತೆಗೆ ಸಂಕಟವೂ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ‘ಬದುಕಲು ಇಷ್ಟವಿಲ್ಲ’ ಎಂಬ ಸಂದೇಶ. ಆಪ್ತಸಮಾಲೋಚನೆ ನಿಮ್ಮ ಕೆಲಸವಲ್ಲ, ನೋಡಿಯೂ ನೋಡದಂತೆ ಇರುವುದೂ ಸಲ್ಲ. ಈಗಲೇ ಉತ್ತರ ಬರೆದಿಟ್ಟುಕೊಳ್ಳಿ, ನಿಮ್ಮ ಮಾತಿನಲ್ಲೇ: ‘ನೀವು ಬರೆದದ್ದು ಒಳ್ಳೆಯದಾಯಿತು. ನಾವು ತರಬೇತಿ ಪಡೆದವರಲ್ಲ. ಈಗಲೇ 14416ಕ್ಕೆ ಕರೆ ಮಾಡಿ, ಅದು ಸರಕಾರದ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ಹತ್ತಿರ ಯಾರಾದರೂ ಇದ್ದಾರಾ? ಅವರನ್ನು ಕರೆಯಿರಿ.’ ತಕ್ಷಣದ ಅಪಾಯ ಕಂಡರೆ 112. ಸಂದೇಶ ನೋಡುವ ಪಾಳಿ ಇಬ್ಬರಲ್ಲಿ ಯಾರದ್ದು ಎಂದು ಗೊತ್ತು ಮಾಡಿಕೊಳ್ಳಿ. ‘ನಮ್ಮ ಜೊತೆ ಮಾತಾಡಿ’ ಎಂದು ಪೆಟ್ಟಿಗೆಯ ಮೇಲೆ ಬರೆಯಬೇಡಿ.

---

ಮೇಣದಮನಿ ಉತ್ತರ:

ಮೇಣದ ಬಗ್ಗೆ ಮಾತ್ರ ಹೇಳ್ತೀನ್ರಿ.

200 ಮಿಲಿ ಡಬ್ಬಿ ತಗೊಂಡ್ರ ಕಂಠದ ತನಕ ತುಂಬಬ್ಯಾಡ್ರಿ. 180 ಮಿಲಿ ತನಕ ಹಾಕಿದ್ರ 160 ಗ್ರಾಂ ಹಿಡಿತದ: ಮೇಣ 150, ಎಣ್ಣಿ 10.5. ಅಂದ್ರ ಮೇಣದ ತೂಕದ ಶೇ. 7. ‘ಘಮ ಸಾಲದು’ ಅಂತ 10, 12 ಹಾಕಿದ್ರ ಎಣ್ಣಿ ಮ್ಯಾಲೆ ಬೆವರಿನ ಹಂಗ ಕೂಡ್ತದ, ಬತ್ತಿ ಉಸಿರು ಕಟ್ಟಿ ಹೊಗಿ ಕಾರ್ತದ. ಮೊದಲ ಸಲಕ್ಕ 48 ಡಬ್ಬಿ ಸಾಕು: ಮೇಣ 7.2 ಕಿಲೊ, ಎಣ್ಣಿ ಅರ್ಧ ಕಿಲೊ. ಪರಿಮಳ ಎರಡೇ ಇಡ್ರಿ. ಆರು ಇಟ್ರ ನಾಲ್ಕು ಮೂಲ್ಯಾಗ ಉಳಿತಾವ.

ಬಿಸಿ ತೋರಿಸೋ ಥರ್ಮಾಮೀಟರ್ ಇಲ್ದ ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ. ನೇರ ಒಲಿ ಮ್ಯಾಲೂ ಬ್ಯಾಡ, ನೀರಿನ ಪಾತ್ರ್ಯಾಗ ಇನ್ನೊಂದು ಪಾತ್ರಿ ಇಟ್ಟು ಕರಗಸ್ರಿ. 80-85 ಡಿಗ್ರಿಗೆ ಎಣ್ಣಿ ಹಾಕಿ ಎರಡು ನಿಮಿಷ ನಿಧಾನ ತಿರುವ್ರಿ. ಜೋರಾಗಿ ತಿರುವಿದ್ರ ಗಾಳಿ ಗುಳ್ಳಿ ಕೂಡ್ತಾವ. 55-60ಕ್ಕ ಇಳಿದ ಮ್ಯಾಲೆ ಡಬ್ಬಿಗೆ ಹಾಕ್ರಿ. ಡಬ್ಬಿ ತಣ್ಣಗಿದ್ರ ಗಾಜಿನ ಅಂಚಿಗೆ ಮೇಣ ಬಿಟ್ಟು ಬಿಟ್ಟು ಹಿಡಿತದ, ಒದ್ದಿ ಕಲಿ ಆದಂಗ ಕಾಣ್ತದ. ಧಾರವಾಡದ ಮಳಿಗಾಲದಾಗ ಇದು ಹೆಚ್ಚು. ಡಬ್ಬಿ ಸ್ವಲ್ಪ ಬೆಚ್ಚಗ ಮಾಡಿ, ಒಂದರಿಂದ ಒಂದು ನಾಲ್ಕು ಬೆರಳು ದೂರ ಇಟ್ಟು ಆರಸ್ರಿ. ಮ್ಯಾಲೆ ಬಿಳಿ ಹೂ ಬಿಟ್ಟಂಗ ಆದ್ರ ಅದು ಸೋಯಾದ ಗುಣ, ದೋಷ ಅಲ್ಲ. ಗ್ರಾಹಕರಿಗೆ ಮೊದಲೇ ಹೇಳ್ರಿ. ಮುಚ್ಚಿ ಹತ್ತರಿಂದ ಹದಿನಾಲ್ಕು ದಿನ ಇಟ್ಟ ಮ್ಯಾಲೇ ಮಾರ್ರಿ. ಮರುದಿನ ಹಚ್ಚಿದ್ರ ವಾಸನಿ ಬರಂಗಿಲ್ಲ, ಬೈಗುಳ ಬರ್ತದ.

ಬತ್ತಿ ಪರೀಕ್ಷೆ ಬಿಡೋ ಹಂಗಿಲ್ಲ. ಮೂರು ದಪ್ಪದ ಬತ್ತಿ, ಒಂದೊಂದಕ್ಕ ಎರಡು ಡಬ್ಬಿ. ನಾಲ್ಕು ತಾಸು ಉರಿಸಿ ಆರಿಸಿ, ಪೂರ್ತಿ ತಣ್ಣಗಾದ ಮ್ಯಾಲೆ ಮತ್ತ ಹಚ್ಚಿ, ತಳ ಕಾಣೋ ತನಕ. ಮೂರು-ನಾಲ್ಕು ತಾಸಿನಾಗ ಕರಗಿದ ಮೇಣ ಗಾಜಿನ ಅಂಚು ಮುಟ್ಟಬೇಕು. ಮುಟ್ಟದ ನಡುವ ಬಾವಿ ತೋಡಿದಂಗ ಆದ್ರ ಬತ್ತಿ ಸಣ್ಣದು. ಬತ್ತಿ ತುದಿಗೆ ಅಣಬಿ ಕಟ್ಟಿ, ಗಾಜಿಗೆ ಮಸಿ ಹತ್ತಿದ್ರ ದಪ್ಪ ಆತು. ಎಣ್ಣಿ ಬದಲಿಸಿದ್ರ ಪರೀಕ್ಷೆ ಮತ್ತ ಮೊದಲಿಂದ. ಮಲ್ಲಿಗಿಗೆ ಹೊಂದಿದ ಬತ್ತಿ ಗಂಧಕ್ಕ ಹೊಂದಂಗಿಲ್ಲ. ಕೊನೇ ಒಂದು ಸೆಂಟಿಮೀಟರ್ ಉಳಿದಾಗ ಆರಸ್ಬೇಕು ಅಂತ ಲೇಬಲ್ ಮ್ಯಾಲೆ ಬರೀರಿ, ತಳ ಕಾದು ಗಾಜು ಸೀಳ್ತದ. ಚಹಾ ಗ್ಲಾಸಿನಂಥ ತೆಳ್ಳನ ಗಾಜು ಬ್ಯಾಡವೇ ಬ್ಯಾಡ.

‘ನೈಸರ್ಗಿಕ ಮಲ್ಲಿಗೆ’ ಅಂತ ಬರೀಬ್ಯಾಡ್ರಿ. ಖರೇ ಮಲ್ಲಿಗಿ ಎಣ್ಣಿ ₹499ರ ಡಬ್ಬ್ಯಾಗ ಕೂಡೋ ಬೆಲಿದಲ್ಲ. ಎಣ್ಣಿ ಮಾರೋರ ಕಡೆ ಐಎಫ್‌ಆರ್‌ಎ ಪತ್ರ (ಸುವಾಸನಿ ಎಣ್ಣಿಗೆ ಇರೋ ಅಂತರರಾಷ್ಟ್ರೀಯ ಸುರಕ್ಷತಾ ನಿಯಮಕ್ಕ ಹೊಂದ್ತದ ಅನ್ನೋ ಪತ್ರ) ಕೇಳ್ರಿ. ಮೇಣದಬತ್ತಿ ಅದರಾಗ 12ನೇ ವರ್ಗ. ಪತ್ರ ಕೊಡದೋರ ಕಡೆ ತಗೋಬ್ಯಾಡ್ರಿ.

ಏಪ್ರಿಲ್-ಮೇ ತಿಂಗಳಾಗ ಬಳ್ಳಾರಿ, ಕಲಬುರಗಿ ಕಡೆ ಕಳಿಸೋದಿದ್ರ ಎಚ್ಚರ. ಡಬ್ಬಿಗೆ ಹಾಕೋ ಸೋಯಾ ಮೇಣ ಸುಮಾರು 50 ಡಿಗ್ರಿ ಆಸುಪಾಸಿನಾಗ ಕರಗ್ತದ, ಬಿಸಲಾಗ ನಿಂತ ಕೊರಿಯರ್ ಗಾಡಿ ಅಷ್ಟು ಕಾಯ್ತದ. ಶುಕ್ರವಾರ ಕಳಿಸಿದ್ದು ರವಿವಾರ ಗೋಡೌನಿನಾಗ ಬೇಯ್ತದ. ಸೋಮವಾರ, ಮಂಗಳವಾರ ಅಷ್ಟೇ ಕಳಸ್ರಿ. ಆ ಎರಡು ತಿಂಗಳು ಖಣದ ಚೀಲ, ನೋಟ್‌ಬುಕ್ ಮುಂದ ಇಡ್ರಿ.

---

ಅಚ್ಚುಮೊಳೆ ಉತ್ತರ:

ಹೆಸರು ಮತ್ತು ಲೇಬಲ್ ಬಗ್ಗೆ ಯಾರೂ ಹೇಳಿಲ್ಲ.

‘ಮನಶ್ಶಾಂತಿ’ ಬೇಡ. ವಸ್ತುವಿನ ಗುಣವನ್ನೇ ಹೇಳುವ ಪದಕ್ಕೆ ಟ್ರೇಡ್‌ಮಾರ್ಕ್ ಕಚೇರಿ ಆಕ್ಷೇಪ ಎತ್ತುತ್ತದೆ, ಅದೂ ಅಲ್ಲದೆ ಈ ಹೆಸರೇ ಒಂದು ಭರವಸೆಯಂತಿದೆ. ವಸ್ತುವಿಗೆ ಸಂಬಂಧವಿಲ್ಲದ ಪದ ಹುಡುಕಿ, ಊರು, ಗಿಡ, ಹಕ್ಕಿ ಏನಾದರೂ. ಅರ್ಜಿ ಶುಲ್ಕ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನಿನಲ್ಲಿ ವರ್ಗಕ್ಕೆ ₹4,500. ಪಾಲುದಾರಿಕೆ ಸಂಸ್ಥೆಯಾದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರಕಾರಿ ನೋಂದಣಿ, ಅದು ಉಚಿತ) ಮೊದಲು ಮಾಡಿಕೊಳ್ಳಿ, ಇಲ್ಲದಿದ್ದರೆ ₹9,000 ಕೇಳುತ್ತದೆ. ಮೇಣದಬತ್ತಿ 4ನೇ ವರ್ಗ, ನೋಟ್‌ಬುಕ್ 16, ಚೀಲ 18. ಬಂಡವಾಳ ಕಮ್ಮಿಯಿದ್ದರೆ 4 ಒಂದನ್ನೇ ಈಗ ಹಾಕಿ.

ಕಾನೂನು ಮಾಪನ ಇಲಾಖೆಯ ನಿಯಮದಂತೆ ಪೆಟ್ಟಿಗೆಯ ಮೇಲೆ ಇರಲೇಬೇಕಾದದ್ದು: ತಯಾರಕರ ಹೆಸರು ಮತ್ತು ವಿಳಾಸ, ವಸ್ತುವಿನ ಸಾಮಾನ್ಯ ಹೆಸರು, ನಿವ್ವಳ ತೂಕ (ಗಾಜು ಬಿಟ್ಟು, 160 ಗ್ರಾಂ), ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿ ಎಂಆರ್‌ಪಿ, ಗ್ರಾಂ ಒಂದಕ್ಕೆ ಬೆಲೆ (499ನ್ನು 160ರಿಂದ ಭಾಗಿಸಿ ₹3.12), ದೂರು ಹೇಳಲು ಫೋನ್ ಮತ್ತು ಇಮೇಲ್. ಈ ಗ್ರಾಂ ಬೆಲೆ ಬಿಟ್ಟುಹೋದ ಲೇಬಲ್ಲುಗಳೇ ಹೆಚ್ಚು ಕಣ್ಣಿಗೆ ಬೀಳುವುದು. ಪ್ಯಾಕ್ ಮಾಡಲು ಶುರು ಮಾಡಿದ 90 ದಿನದೊಳಗೆ ಪ್ಯಾಕರ್ ನೋಂದಣಿಗೆ ಅರ್ಜಿ ಹಾಕಬೇಕು. ಮುಂದೆ ಸೋಪು, ಲಿಪ್ ಬಾಮ್ ಮಾಡುವ ಆಸೆ ಬಂದರೆ ಅದಕ್ಕೆ ಸೌಂದರ್ಯವರ್ಧಕಗಳ ಪರವಾನಗಿ ಬೇಕು, ಅಡುಗೆಮನೆಯಲ್ಲಿ ಮಾಡುವ ಹಾಗಿಲ್ಲ.

‘ಆತಂಕ ಕಡಿಮೆ ಮಾಡುತ್ತದೆ’, ‘ಖಿನ್ನತೆಗೆ ಮದ್ದು’ ಇಂಥ ಸಾಲು ಎಲ್ಲೂ ಬೇಡ, ಇನ್‌ಸ್ಟಾಗ್ರಾಂ ಹ್ಯಾಷ್‌ಟ್ಯಾಗಿನಲ್ಲೂ. ಕಾಯಿಲೆ ವಾಸಿ ಮಾಡುವುದಾಗಿ ಸಾರುವ ಜಾಹೀರಾತಿಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲಕ್ಕೇ ₹10 ಲಕ್ಷದವರೆಗೆ ದಂಡ ಹಾಕಬಹುದು. ಕೊಡದ ದೇಣಿಗೆಯನ್ನು ಕೊಡುತ್ತೇವೆ ಎಂದು ಬರೆದರೂ ಅದೇ ಬಲೆ.

ನೋಟ್‌ಬುಕ್‌: ಕನ್ನಡ ಅಕ್ಷರವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿ ಯೂನಿಕೋಡ್ ಫಾಂಟ್ ಇರುವ ಪ್ರೆಸ್ಸಿಗೆ ಕೊಟ್ಟರೆ ‘ಸ್ವಾತಂತ್ರ್ಯ’ದ ಒತ್ತಕ್ಷರಗಳು ದಿಕ್ಕಾಪಾಲು. ಕೊಡುವ ಮುಂಚೆ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಫಾಂಟ್ ಬೇಡದ ಚಿತ್ರರೂಪಕ್ಕೆ ತಂದು), ಒಂದು ಪ್ರತಿ ಕಾಗದದ ಮೇಲೆ ತೆಗೆಸಿ, ಫೈಲು ಮಾಡಿದವರಲ್ಲದ ಇನ್ನೊಬ್ಬರು ಓದಲಿ. ಕಾಗದ 80 ಜಿಎಸ್‌ಎಂ ಬಾಲ್‌ಪೆನ್ನಿಗೆ ಸಾಕು, ಶಾಯಿ ಪೆನ್ನಿಗೆ 100 ಬೇಕು. ಗದಗಿನ ಮುದ್ರಣಾಲಯಗಳು ನಿಮಗೆ ಹತ್ತಿರ, 300 ಪ್ರತಿಗಿಂತ ಕೆಳಗೆ ಆಫ್‌ಸೆಟ್ ಗಿಟ್ಟುವುದಿಲ್ಲ, ಡಿಜಿಟಲ್ ಕೇಳಿ. ಖಣ ತಂದ ಕೂಡಲೇ ತುಂಡೊಂದನ್ನು ಬಿಳಿ ಬಟ್ಟೆಯ ಜೊತೆ ಒಗೆದು ನೋಡಿ. ಬಣ್ಣ ಬಿಟ್ಟರೆ ಒಳಗೆ ತಿಳಿ ಬಣ್ಣದ ಅಸ್ತರಿ ಹಾಕಬೇಡಿ.

---

ಸಾಧನಕೇರಿ:

ಎಲ್ಲರಿಗೂ ಧನ್ಯವಾದ. ಹೆಸರು ಬದಲಿಸುತ್ತೇವೆ, ಡಬ್ಬಿಗೆ ₹25 ಎಂದು ಗೊತ್ತು ಮಾಡಿದ್ದೇವೆ. ಎರಡು ಪ್ರಶ್ನೆ ಉಳಿದಿವೆ. ಪೆಟ್ಟಿಗೆಗೆ ಈ ಸಾಲು ಹೇಗಿದೆ: ‘ನಿಮ್ಮ ಪ್ರತಿ ಖರೀದಿಯೂ ಮಾನಸಿಕ ಆರೋಗ್ಯಕ್ಕೆ ನೆರವು’? ಇನ್ನೊಂದು, ಹಣ ಕೊಡುವ ಬದಲು ಚೇತರಿಸಿಕೊಳ್ಳುತ್ತಿರುವವರಿಂದಲೇ ಪೆಟ್ಟಿಗೆ, ಚೀಲ ಮಾಡಿಸಬಹುದೇ?

---

ನಡುದಾರಿ:

ಎರಡನೆಯದು ಮೊದಲಿಗೆ. ಮಾಡಿಸಬಹುದು, ಎಷ್ಟೋ ಸಲ ದೇಣಿಗೆಗಿಂತ ಅದೇ ಮೇಲು, ಕೂಲಿ ನೇರ ಅವರ ಕೈಗೆ ಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಪುನರ್ವಸತಿ ವಿಭಾಗದ ಬೇಕರಿ ಹೆಸರಾದದ್ದು. ಹಗಲು ಆರೈಕೆ ಕೇಂದ್ರಗಳಲ್ಲಿ ಹೊಲಿಗೆ, ಕಾಗದದ ಕೆಲಸ ಇರುವುದುಂಟು. ಆದರೆ ದೀಪಾವಳಿಗೆ ಹತ್ತು ದಿನ ಮುಂಚೆ 200 ಚೀಲದ ಆರ್ಡರ್ ಹೊತ್ತು ಹೋಗಬೇಡಿ. ಆರು ವಾರ ಮುಂಚೆ ಕೊಡಿ, ಮೊದಲ ಸಲ 30 ಸಾಕು. ಮಾತ್ರೆ ಬದಲಾದ ವಾರ ಕೈ ನಡುಗಬಹುದು, ಒಬ್ಬರು ಬರದೇ ಇರಬಹುದು, ಹತ್ತರಲ್ಲಿ ಒಂದನ್ನು ಮತ್ತೆ ಹೊಲಿಯಬೇಕಾಗಬಹುದು. ಅದನ್ನು ದರದಲ್ಲಿ ಮೊದಲೇ ಸೇರಿಸಿ, ಆಮೇಲೆ ಕಡಿತ ಮಾಡಬೇಡಿ. ಚೀಲಕ್ಕೆ ಇಷ್ಟು ಎಂದು ಹೊರಗಿನ ದರ್ಜಿಗೆ ಕೊಡುವ ಕೂಲಿಯನ್ನೇ ಕೊಡಿ. ‘ಮಾನಸಿಕ ಅಸ್ವಸ್ಥರು ಮಾಡಿದ್ದು’ ಎಂಬ ಚೀಟಿ ಬೇಡ. ಚೀಲ ಚೆನ್ನಾಗಿದ್ದರೆ ಅದೇ ಮಾರಿಕೊಳ್ಳುತ್ತದೆ.

ಸಾಲಿನ ಬಗ್ಗೆ: ‘ಪ್ರತಿ ಖರೀದಿಯೂ’ ಎಂದರೆ ಚೀಲ, ನೋಟ್‌ಬುಕ್ ಕೂಡ ಸೇರಿತು, ನೀವು ಗೊತ್ತು ಮಾಡಿರುವುದು ಮೇಣದಬತ್ತಿಗೆ ಮಾತ್ರ. ‘ನೆರವು’ ಎಂದರೆ ಎಷ್ಟು, ಯಾರಿಗೆ? ಹೀಗೆ ಬರೆಯಿರಿ:

‘ಈ ಮೇಣದಬತ್ತಿ ಒಂದಕ್ಕೆ ₹25ರಂತೆ (ಸಂಸ್ಥೆಯ ಪೂರ್ಣ ಹೆಸರು, ಊರು) ಇವರಿಗೆ ನಾವು ಕೊಡುತ್ತೇವೆ. ಅವಧಿ: (ತಾರೀಖಿನಿಂದ ತಾರೀಖಿನವರೆಗೆ). ಕೊಟ್ಟ ಲೆಕ್ಕ ಮೂರು ತಿಂಗಳಿಗೊಮ್ಮೆ ನಮ್ಮ ವೆಬ್‌ಸೈಟಿನಲ್ಲಿದೆ. ಮಾತಾಡಬೇಕೆನಿಸಿದರೆ ಟೆಲಿ ಮಾನಸ್: 14416.’

---

ಅಚ್ಚುಮೊಳೆ:

ಅದನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಡಿ. ತಾರೀಖು, ಸಂಸ್ಥೆ, ಮೊತ್ತ ಮೂರೂ ಬದಲಾಗುವಂಥವು. ಎ6 ಅಳತೆಯ ಚೀಟಿ ಮಾಡಿ ಒಳಗಿಡಿ, ಒಂದು ಸಲಕ್ಕೆ 100 ಮಾತ್ರ ಮಾಡಿಸಿ. ಅಕ್ಷರ 9 ಪಾಯಿಂಟಿಗಿಂತ ಚಿಕ್ಕದಾದರೆ ‘ಸಂಸ್ಥೆ’ಯ ಒತ್ತು ತುಂಬಿಹೋಗುತ್ತದೆ. ಮತ್ತೆ, 14416ಕ್ಕೆ ಒಮ್ಮೆ ನೀವೇ ಕರೆ ಮಾಡಿ ನೋಡಿ ಆಮೇಲೆ ಅಚ್ಚಿಗೆ ಕೊಡಿ.